ಜಯಮ್ಮನ ಬೇಳೆ, ನನ್ನ ಪಂಪು

ಸಿ.ವಿ. ರಾಮನ್ ನಗರದ ನಮ್ಮ ಅಪಾರ್ಟ್‌ಮೆಂಟಿಗೆ ಮೊನ್ನೆ ಕಲ್ಲುಪ್ಪಿನ ಮೂಟೆಗಳು ಬಂದವು. ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡುವ ಯಂತ್ರಕ್ಕೆ ಅವು ಬೇಕು. ಪಂಪ್ ರೂಮಿಗೆ ಇಳಿದರೆ ಒದ್ದೆ ಗೋಣಿ, ಉಪ್ಪು, ಬಿಸಿ ಗ್ರೀಸು ಎಲ್ಲ ಕಲೆತ ವಾಸನೆ. ಬೇರೆಯವರಿಗೆ ಅದರಿಂದ ಸೀನು ಬಂದೀತು. ನನಗೆ ಜಯಮ್ಮನವರ ನೆನಪು ಬಂತು, ಅದರ ಹಿಂದೆಯೇ ಹಳೆಯದೊಂದು ಕಸಿವಿಸಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಚಿಂತೆಯ ಮನುಷ್ಯ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗುವವನು. ಮೂರನೆಯ ಸಲ ಜಗ್ಗಿದ್ದರಿಂದಲೇ ಬೀಗ ಸಡಿಲವಾಯಿತೇನೋ ಎಂದು ಬಸ್ ಸ್ಟಾಪಿನಲ್ಲಿ ನಿಂತು ಯೋಚಿಸುವವನು. ಇಂಥವನನ್ನು ತೊಂಬತ್ತರ ದಶಕದ ಮೊದಲಲ್ಲಿ ಕೆ.ಆರ್. ಪುರಂ ಆಚೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯವರು ನೀರಿನ ವಿಭಾಗಕ್ಕೆ ಹಾಕಿಕೊಂಡಿದ್ದರು. ವಿಭಾಗ ಎಂದರೆ ನಾನು, ಒಂದು ಪಂಪು, ಒಂದು ಸಾಫ್ಟ್‌ನರ್ ಟ್ಯಾಂಕು. ಟ್ಯಾಂಕಿನೊಳಗೆ ಸಾಸಿವೆಯಂಥ ಕಾಳುಗಳಿರುತ್ತವೆ. ನೀರಿನ ಸುಣ್ಣವನ್ನೆಲ್ಲ ಹಿಡಿದಿಟ್ಟುಕೊಂಡು ಅವು ದಣಿಯುತ್ತವೆ. ದಿನಕ್ಕೊಮ್ಮೆ ಉಪ್ಪುನೀರಿನ ಸ್ನಾನ ಮಾಡಿಸಿದರೆ ಮತ್ತೆ ಚುರುಕಾಗುತ್ತವೆ. ಪಂಪಿನ ನೀರು ರಭಸವಾಗಿ ನುಗ್ಗಿದಾಗ, ಆ ಸೆಳೆತಕ್ಕೇ ಪಕ್ಕದ ತೊಟ್ಟಿಯ ಉಪ್ಪುನೀರು ತಾನಾಗಿ ಒಳಗೆ ಬರುವ ಏರ್ಪಾಡು. ಹೀಗೆ ಮೆದುವಾದ ನೀರು ಇಸ್ತ್ರಿಯ ಹಬೆಗಾಗಿ ಬಾಯ್ಲರಿಗೆ ಹೋಗುತ್ತಿತ್ತು. ಅದರಲ್ಲೊಂದು ಕೊಳಾಯಿ ಕ್ಯಾಂಟೀನಿಗೆ.

ಕ್ಯಾಂಟೀನು ಜಯಮ್ಮನವರದು. ಕಗ್ಗದಾಸಪುರದ ಹಳೇ ಒಕ್ಕಲು ಮನೆತನ. ಹೊಲವೆಲ್ಲ ಸೈಟಾದ ಮೇಲೆ ಸುಮ್ಮನೆ ಕೂರಲಾರದೆ, ಊರಿನ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಅಡುಗೆಯ ಕಾಂಟ್ರಾಕ್ಟು ಹಿಡಿದಿದ್ದರು. ಆ ನಾಲ್ವರ ಮನೆಯ ಒಲೆ ಉರಿಯುತ್ತಿದ್ದುದು ಈ ಒಲೆಯಿಂದಲೇ. ನನ್ನನ್ನು ಅವರು 'ನೀರ್ ಡಾಕ್ಟ್ರು' ಎನ್ನುತ್ತಿದ್ದರು. ಗೌರವದಿಂದಲ್ಲ ಎಂದು ಬೇರೆ ಹೇಳಬೇಕಿಲ್ಲ.

ಆ ವರ್ಷ ಆಯುಧಪೂಜೆಯ ಹೊತ್ತಿಗೆ ಸರಿಯಾಗಿ ಪಂಪಿನ ಮೋಟರು ಸುಟ್ಟಿತು. ಶಿವಾಜಿನಗರದ ರಹಮತ್ ಭಾಯ್ ಅಂಗಡಿಯಲ್ಲಿ ಹೊಸ ತಂತಿ ಸುತ್ತಿಸಿ, ವೈಂಡಿಂಗ್ ಮಾಡಿಸಿ ತಂದೆ. ಎಲೆಕ್ಟ್ರಿಷಿಯನ್ ಹಬ್ಬಕ್ಕೆಂದು ಊರಿಗೆ ಹೋಗಿದ್ದರಿಂದ ವೈರುಗಳನ್ನು ನಾನೇ ಜೋಡಿಸಿದೆ. ಪೂಜೆಗೆ ಕಳೆ ಬರಲೆಂದು ಪಂಪಿಗೆ ಹಸಿರು ಪೇಂಟು ಬಳಿದೆ. ಆಮೇಲೆ ಗಂಧ, ಕುಂಕುಮ, ಸೇವಂತಿಗೆ ಹಾರ. ಮ್ಯಾನೇಜರು ನೋಡಿ, "ಮದುಮಗಳ ಥರಾ ಮಾಡಿದ್ದೀರಲ್ರೀ" ಎಂದರು. ಸ್ವಿಚ್ ಒತ್ತಿದೆ, ಪಂಪು ತಿರುಗಿತು, ನೀರು ಬಂತು. ಆ ವರ್ಷದಲ್ಲಿ ನಾನು ನೆಮ್ಮದಿಯಾಗಿದ್ದದ್ದು ಆ ಎರಡು ಮೂರು ದಿನ ಮಾತ್ರ. ಅದರಿಂದಲೇ ನನಗೆ ಸಂಶಯ ಬರಬೇಕಿತ್ತು.

ಹಬ್ಬ ಮುಗಿದು ಫ್ಯಾಕ್ಟರಿ ತೆರೆದ ಮೇಲೆ ಸಾರಿನಲ್ಲಿ ಬೇಳೆ ಗೋಲಿಯಂತೆ ಉರುಳಾಡತೊಡಗಿತು. ಎಷ್ಟು ಬೇಯಿಸಿದರೂ ಅಷ್ಟೇ. "ಅಕ್ಕಾ, ಇದು ಸಾರೋ ಜಲ್ಲೀನೋ?" ಎಂದು ಹೊಲಿಗೆಯ ಹೆಂಗಸರು ತಟ್ಟೆ ಅಲ್ಲಾಡಿಸಿ ಸದ್ದು ಕೇಳಿಸಿದರು. ಮಾತು ಮ್ಯಾನೇಜರವರೆಗೆ ಹೋಯಿತು. ಜಯಮ್ಮ ಅಗ್ಗದ ಹಳೇ ಬೇಳೆ ತರುತ್ತಿದ್ದಾರೆ ಎಂದು ಅವರು ತೀರ್ಮಾನಿಸಿಯೂ ಬಿಟ್ಟರು: ಸೋಮವಾರದಿಂದ ಬೇರೆ ಕಾಂಟ್ರಾಕ್ಟರು.

ಜಯಮ್ಮ ಅಂಗೈಯಲ್ಲಿ ಬೇಳೆ ಹಿಡಿದು ನನ್ನ ಬಾಗಿಲಿಗೆ ಬಂದರು. "ನೋಡಿ ಡಾಕ್ಟ್ರೇ. ಬೇಳೆ ಅದೇ ಅಂಗ್ಡೀದು. ಒಲೆ ಅದೇ, ಕೈ ಅದೇ. ನೀರೊಂದು ನಿಮ್ದು."

"ನೀರು ಬರ್ತಾ ಇದೆಯಲ್ಲ ಜಯಮ್ಮನೋರೆ."

"ಬರೋದೇನೋ ಬರುತ್ತೆ. ನಮ್ಮ ಯಜಮಾನ್ರೂ ದಿನಾ ಮನೆಗೆ ಬರ್ತಾರೆ. ಬಂದು ಏನ್ ಕೆಲ್ಸ ಮಾಡ್ತಾರೆ ಕೇಳಿ."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ನೀರಿಗೆ ಪರೀಕ್ಷೆಯ ಹನಿ ಬಿಟ್ಟೆ. ನೀಲಿಯಾದರೆ ಮೆದು, ಕೆಂಪಾದರೆ ಗಡಸು. ದ್ರಾಕ್ಷಿ ರಸದಂತೆ ಕೆಂಪಾಯಿತು; ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಈ ಪರೀಕ್ಷೆಯನ್ನು ದಿನವೂ ಮಾಡಬೇಕು. ಪಂಪು ಅಷ್ಟು ಚೆಂದ ಕಾಣುತ್ತಿದ್ದುದರಿಂದ ಹಬ್ಬದಿಂದೀಚೆಗೆ ನಾನು ಮಾಡಿರಲಿಲ್ಲ. ಪುಸ್ತಕದಲ್ಲಿ ಮಾತ್ರ ದಿನವೂ 'ಸರಿ' ಎಂದು ಬರೆದು ರುಜು ಹಾಕಿದ್ದೆ.

ಮುಂದಿನ ಎರಡು ದಿನ ನಾನು ಅನುಮಾನಿಸದ ವಸ್ತುವಿಲ್ಲ. ಉಪ್ಪಿನಲ್ಲಿ ಕಲಬೆರಕೆ, ಕಾಳುಗಳು ಸತ್ತಿವೆ, ಬೋರ್‌ವೆಲ್ಲೇ ಸ್ವಭಾವ ಬದಲಿಸಿದೆ. ಪೈಪು ಬಿಚ್ಚಿ ತೊಳೆದೆ. ತೊಟ್ಟಿಯ ಉಪ್ಪುನೀರು ಮಾತ್ರ ಒಂದು ಬೆರಳೂ ಇಳಿಯಲಿಲ್ಲ. ಒತ್ತಡ ತೋರಿಸುವ ಗೇಜಿನ ಮುಳ್ಳನ್ನು ಕೇಳೋಣವೆಂದರೆ ಅದು ನಾನು ಕೆಲಸಕ್ಕೆ ಸೇರುವ ಮೊದಲೇ ಒಂದು ಅಂಕಿಯ ಮೇಲೆ ಒರಗಿ ನಿದ್ದೆ ಹೋಗಿತ್ತು. ಕೊನೆಗೆ ಶನಿವಾರ ಬೆಳಿಗ್ಗೆ, ತಪ್ಪೆಲ್ಲ ವೈಂಡಿಂಗಿನದೇ ಎಂದು ನಿಶ್ಚಯಿಸಿ, ಜಗಳದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಶಿವಾಜಿನಗರದ ಬಸ್ಸು ಹತ್ತಿದೆ.

ರಹಮತ್ ಭಾಯ್ ಚಹಾದ ಲೋಟ ಕೆಳಗಿಡಲಿಲ್ಲ. "ವೈಂಡಿಂಗ್ ಪಕ್ಕಾ ಇದೆ ಸಾಬ್. ಉಲ್ಟಾ ತಿರುಗ್ತಿದೆಯಾ ನೋಡಿದ್ರಾ?"

"ಉಲ್ಟಾ ತಿರುಗಿದ್ರೆ ನೀರ್ ಹೆಂಗೆ ಬರುತ್ತೆ ಭಾಯ್?"

"ಅದೇ ಸಾಬ್ ಪಂಪಿನ ಮೋಸ. ಫ್ಯಾನ್ ಉಲ್ಟಾ ಆದ್ರೆ ಗಾಳಿ ಆ ಕಡೆ ಹೋಗುತ್ತೆ, ಮಕ್ಳಿಗೂ ಗೊತ್ತಾಗುತ್ತೆ. ಪಂಪು ಉಲ್ಟಾ ತಿರುಗಿದ್ರೂ ಅದೇ ಬಾಯಲ್ಲೇ ನೀರು ಕೊಡುತ್ತೆ. ಅರ್ಧ ದಮ್ಮಲ್ಲಿ ಕೊಡುತ್ತೆ, ಅಷ್ಟೆ. ಬಾಡಿ ಮೇಲೆ ಕೆಂಪು ಬಾಣ ಬರ್ದಿರ್ತಾರಲ್ಲ, ಯಾವ ಕಡೆ ತಿರುಗ್ಬೇಕು ಅಂತ?"

ನಾನು ಉಗುರಿನ ಸಂದಿಯ ಹಸಿರು ಬಣ್ಣ ಕೆರೆಯತೊಡಗಿದೆ.

"ಪೇಂಟ್ ಹೊಡೆದ್ರಾ?"

"ಎರಡು ಕೋಟು."

"ಮಾಶಾಲ್ಲಾ" ಎಂದು ಅವರು ಚಹಾ ಮುಗಿಸಿದರು.

ಫ್ಯಾಕ್ಟರಿಗೆ ಬಂದು ಟರ್ಪೆಂಟೈನ್ ಹಾಕಿ ಉಜ್ಜಿದೆ. ಕುಂಕುಮ ಹೋಯಿತು, ಹಸಿರು ಹೋಯಿತು, ಬಾಣ ಕಂಡಿತು. ಅದು ಎಡಕ್ಕೆ ತೋರಿಸುತ್ತಿತ್ತು. ಮೋಟರು ಬಲಕ್ಕೆ ತಿರುಗುತ್ತಿತ್ತು. ಎರಡು ವೈರು ಅದಲುಬದಲು ಮಾಡಿದೆ. ನೀರು ರಭಸದಿಂದ ನುಗ್ಗಿತು, ಆ ಸೆಳೆತಕ್ಕೆ ತೊಟ್ಟಿಯ ಉಪ್ಪುನೀರು ಗೊಟಗೊಟನೆ ಇಳಿಯಿತು, ಮಧ್ಯಾಹ್ನದ ಹನಿ ನೀಲಿಯಾಯಿತು.

ಆ ಸಂತೋಷ ಗೇಟಿನ ಆಚೆಯ ಟೀ ಅಂಗಡಿಯವರೆಗೂ ಬಾಳಲಿಲ್ಲ. ನೀರು ಸರಿಹೋಯಿತು, ಒಪ್ಪಿದೆ. ಆದರೆ ಸೋಮವಾರ ಹೊಸಬ ಬರುತ್ತಾನೆ, ಅವನ ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಅಲ್ಲಿಗೆ ಜಯಮ್ಮನ ಕಳ್ಳತನ ರುಜುವಾತಾಯಿತು; ಸಾಕ್ಷಿ ಹೇಳಿದ್ದು ನನ್ನ ಪಂಪು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಿ ತೆರೆದರೆ, ಇನ್ನೂ ಪ್ರೊಬೇಷನ್ನಿನಲ್ಲಿದ್ದ ನನ್ನ ಕೆಲಸ, ಪುಸ್ತಕದ ಆ ಸುಳ್ಳು ರುಜುಗಳ ಸಮೇತ, ಮೇಜಿನ ಮೇಲೆ.

ಮೆಟ್ಟಿಲು ಹತ್ತುವಾಗ 'ಪಂಪಿನಲ್ಲಿ ತಾಂತ್ರಿಕ ವ್ಯತ್ಯಯ ಉಂಟಾದ ಕಾರಣ' ಎಂದು ಯಾರದೂ ತಪ್ಪಿಲ್ಲದ ಒಂದು ವಾಕ್ಯವನ್ನು ಕಟ್ಟಿಕೊಂಡಿದ್ದೆ. ಮ್ಯಾನೇಜರ ಮುಂದೆ ನಿಂತಾಗ ಬಾಯಿಂದ ಬಂದದ್ದು ಬೇರೆ: "ಸಾರ್, ಬೇಳೇದ್ ತಪ್ಪಿಲ್ಲ, ನನ್ದು. ಪಂಪು ಉಲ್ಟಾ ತಿರುಗ್ತಿತ್ತು. ನೀರು ನೋಡ್ದೇನೇ ಸರಿ ಅಂತ ಬರ್ದೆ."

ಅವರು ಪುಸ್ತಕ ತರಿಸಿ ನನ್ನ ರುಜುಗಳನ್ನು ಒಂದೊಂದಾಗಿ ನೋಡಿದರು. "ಮದುಮಗಳನ್ನ ಹಿಂದ್ ಹಿಂದಕ್ಕೆ ನಡ್ಸಿದ್ರಿ ಅನ್ನಿ."

ನನ್ನ ಪ್ರೊಬೇಷನ್ ಆರು ತಿಂಗಳು ಬೆಳೆಯಿತು. ಜಯಮ್ಮ ಉಳಿದರು. ಅವರಿಗೂ ಹೇಳಿದೆ. ಕೇಳಿಸಿಕೊಂಡು, "ಊಟಕ್ಕೆ ಕೂತ್ಕೊಳ್ಳಿ" ಎಂದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು. ಬೈಯದೆ ಬಡಿಸಿದ ಆ ಊಟ ನನ್ನೊಳಗೆ ವರ್ಷಗಟ್ಟಲೆ ಕೂತುಬಿಟ್ಟಿತು. ಕೆಲಸ ಬಿಟ್ಟ ಮೇಲೆ ಅವರ ಊರಿಗೆ ಹತ್ತಿರದಲ್ಲೇ ಮನೆ ಮಾಡಿದೆ. ಒಂದು ಸಲವೂ ಅತ್ತ ಹೋಗಲಿಲ್ಲ. ತರಕಾರಿಗೆ ಕೂಡ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದೆ.

ಮೊನ್ನೆ ಉಪ್ಪಿನ ವಾಸನೆ ಕುಡಿದು ಮೇಲೆ ಬಂದವನು ಅದೇ ಸಂಜೆ ಕಗ್ಗದಾಸಪುರಕ್ಕೆ ನಡೆದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಾಲ್ಕಂತಸ್ತಿನ ಮನೆಯ ಕೆಳಗಿನ ಮೆಟ್ಟಿಲ ಮೇಲೆ ಜಯಮ್ಮ ಸೊಸೆಯೊಂದಿಗೆ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಯಾರು, ನೀರ್ ಡಾಕ್ಟ್ರಾ? ಕೂದ್ಲೆಲ್ಲ ಎಲ್ಲಿ ಬಿಟ್ರಿ?" ಎಂದು ಜಾಗ ಸರಿಸಿಕೊಟ್ಟು, ಸೊಸೆಗೆ ಹೇಳಿದರು: "ಇವ್ರೇ ನೋಡಮ್ಮ, ನನ್ನ ಕ್ಯಾಂಟೀನು ಉಳ್ಸಿದೋರು."

ನನಗೆ ತಡೆಯಲಾಗಲಿಲ್ಲ. "ಕಳೆಯೋಕೆ ಹೊರಟಿದ್ದೂ ನಾನೇ ಅಲ್ವಾ ಜಯಮ್ಮನೋರೆ."

"ಅದನ್ನೂ ಹೇಳ್ತೀನಿ, ಕೂತ್ಕೊಳ್ಳಿ" ಎಂದರು. "ಮೊದ್ಲು ಒಳ್ಳೇದು ಹೇಳ್ಬಿಡ್ತೀನಿ. ಇಲ್ದಿದ್ರೆ ಇವ್ಳು ನಿಮ್ಗೆ ಕಾಫಿ ಕೊಡಲ್ಲ."