ಹೆರಿಗೆ ಕೋಣೆಯ ಹಿಂದಿನ ಕಟ್ಟೆ

ಹೋದ ವಾರ ರಕ್ತ ಪರೀಕ್ಷೆಗೆಂದು ಬಾಗಲಕೋಟೆಗೆ ಹೋಗಿದ್ದೆ. ತೋಳಿಗೆ ಸ್ಪಿರಿಟ್ ಹಚ್ಚಿದ ಹುಡುಗಿ ಪೂಜೆ ಮುಗಿಸಿ ಬಂದಿದ್ದಳೇನೋ, ಹಣೆಯ ಮೇಲೆ ಇನ್ನೂ ಹಸಿ ವಿಭೂತಿ. ಅವಳು ಬಗ್ಗಿದಾಗ ಎರಡೂ ವಾಸನೆ ಒಟ್ಟಿಗೇ ಮೂಗಿಗೆ ಬಡಿದು ನನ್ನ ಕಣ್ಣಲ್ಲಿ ನೀರು ಬಂತು. "ಅಮ್ಮಾರ, ನಾ ಇನ್ನೂ ಚುಚ್ಚೇ ಇಲ್ರಿ!" ಎಂದು ನಕ್ಕಳು. ಸುತ್ತಲಿನ ಹಳ್ಳಿಗಳಿಗೆಲ್ಲ ಸೂಜಿ ಚುಚ್ಚಿದವಳು ನಾನು, ಅವಳಿಗೇನು ಗೊತ್ತು ಪಾಪ!

ಆ ಎರಡು ವಾಸನೆ ಕೂಡಿ ಬರುತ್ತಿದ್ದುದು ಒಬ್ಬರ ಹತ್ತಿರ ಮಾತ್ರ. ಎಪ್ಪತ್ತರ ದಶಕದ ಕೊನೆಯಲ್ಲಿ, ಹುನಗುಂದ ಸೀಮೆಯ ಒಂದು ಸಣ್ಣ ದವಾಖಾನೆಗೆ ನಾನು ಹೊಸ ನರ್ಸ್ ಆಗಿ ಸೇರಿದಾಗ ಅಲ್ಲಿ ಹಿರಿಯ ನರ್ಸ್ ಆಗಿದ್ದವರು. ಎಲ್ಲರ ಬಾಯಲ್ಲೂ ಅವರು ಅಕ್ಕಾರು.

ಅವರನ್ನು ಶಾಂತಮೂರ್ತಿ ಎಂದು ಯಾರಾದರೂ ಹೊಗಳಿದರೆ ನಂಬಬೇಡಿ. ಸಿಡುಕಿನ ಹೆಂಗಸು, ಡಾಕ್ಟರೂ ಹೆದರುತ್ತಿದ್ದರು. ಆದರೆ ಒಂದು ರೂಢಿ ಇತ್ತು. ಹೆರಿಗೆ ಕಷ್ಟವಾದರೆ, ಯಾರಾದರೂ ಕಣ್ಣು ಮುಚ್ಚಿದರೆ, ಕೈ ತೊಳೆದುಕೊಂಡು ಹೆರಿಗೆ ಕೋಣೆಯ ಹಿಂದಿನ ಕಟ್ಟೆಗೆ ಹೋಗುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿದ್ದ ಇಷ್ಟಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಆಮೇಲೆ ಎದ್ದು ಮುಂದಿನ ಬಾಣಂತಿಯ ಹತ್ತಿರ, ಅದೇ ಬೈಗುಳದೊಂದಿಗೆ.

ನಮ್ಮದು ಬೀರಪ್ಪನ ಒಕ್ಕಲು. ಸಾವು ಮುಟ್ಟಿದವರು ತಲೆಗೆ ನೀರು ಹಾಕಿಕೊಳ್ಳದೆ ದೇವರ ಹತ್ತಿರ ಸುಳಿಯುವಂತಿಲ್ಲ. ಹೆಣದ ಪಕ್ಕದಿಂದ ಎದ್ದು ಬಂದು ಲಿಂಗ ಹಿಡಿಯುವುದು ಹೇಗೆಂದು ಕೇಳಿದ್ದೆ. "ಲಿಂಗ ಕಟ್ಟಿದವ್ರಿಗೆ ಸೂತಕ ಇಲ್ಲ, ಹುಚ್ಚಿ. ಇದ್ದಿದ್ರ ಈ ನೌಕರಿ ಹೆಂಗ ಮಾಡ್ತಿದ್ನಿ?" ಅಂದಿದ್ದರು.

ಆಮೇಲೆ ರಾಮಥಾಳದ ಹುಡುಗಿ ಬಂದಳು. ಚೊಚ್ಚಲು. ಕೂಸು ಉಳಿಯಿತು, ತಾಯಿಯ ರಕ್ತ ನಿಲ್ಲಲಿಲ್ಲ. ನನ್ನ ಕೈ ಹಿಡಿದುಕೊಂಡೇ ಹೋದಳು...

ಅಲ್ಲಿಂದ ನಾನು ನಾನಾಗಿ ಉಳಿಯಲಿಲ್ಲ. ನಿಂತೇ ಉಣ್ಣುತ್ತಿದ್ದೆ. ಚರ್ಮ ಬಿರಿಯುವವರೆಗೆ ಕೈ ತೊಳೆಯುತ್ತಿದ್ದೆ. ಅವಳ ಸಾವು ನನ್ನ ಅಂಗೈಗೆ ಅಂಟಿದೆ, ಹಸುಗೂಸನ್ನು ಮುಟ್ಟಿದರೆ ಅದಕ್ಕೂ ತಗಲುತ್ತದೆ ಎಂದು ತಲೆಯಲ್ಲಿ ಕೂತುಬಿಟ್ಟಿತು. ರಕ್ತದ ಬಟ್ಟೆ ಒಗೆಯುತ್ತಿದ್ದೆ, ಕೂಸು ಎತ್ತಿಕೋ ಎಂದರೆ ಏನಾದರೂ ನೆಪ ಹೇಳಿ ಓಡುತ್ತಿದ್ದೆ. ಕೂಸು ಮುಟ್ಟದ ನರ್ಸ್ ಯಾವ ಸಂತೆಗೆ? ನೌಕರಿ ಬಿಡುತ್ತೇನೆಂದು ಊರಿಗೆ ಹೇಳಿ ಕಳಿಸಿದೆ. ಅಪ್ಪ ಮುಂಜಾನೆಯ ಬಸ್ಸಿಗೇ ಬಂದು ನನ್ನ ಟ್ರಂಕು ಹೊತ್ತುಕೊಂಡು ಬಾಗಿಲಲ್ಲಿ ನಿಂತ.

ಅಕ್ಕಾರು ತಡೆಯಲಿಲ್ಲ. "ಹೋಗಾಕಿ ಹೋಗು. ಬಸ್ಸಿಗಿ ಇನ್ನೂ ಹೊತ್ತೈತಿ, ಇಲ್ಲಿ ಬಂದು ಕುಂಡ್ರು" ಎಂದು ಕಟ್ಟೆಗೆ ಕರೆದೊಯ್ದರು. "ಅಂಗೈ ನೋಡಕೋ."

"ನನ್ನ ಕಡೆ ಲಿಂಗ ಇಲ್ಲಲ್ರಿ ಅಕ್ಕಾರ."

"ಕೈ ಐತಿಲ್ಲ? ಅದನ್ನ ನೋಡು."

ನೋಡಿದೆ. ಕೂಡಲೇ ಎದ್ದುಬಿಟ್ಟೆ. "ಅಕೀನ ಕಾಣ್ತಾಳ್ರಿ."

"ಕಾಣಲಿ. ನೀ ಓಡಿಸಾಕ ಹೋಗ್ತಿ, ಅದಕ್ಕ ಬೆನ್ನ ಹತ್ಯಾಳ. ಉಸಿರು ಬಿಡು, ಅಕೀನ್ನ ನೋಡು."

ಕೂತೆ, ಎದ್ದೆ, ಮತ್ತೆ ಕೂತೆ. ಇರುವೆ ಹೊಕ್ಕಂತೆ ಮೈಯೆಲ್ಲ ಚಡಪಡಿಕೆ. ಅಷ್ಟರಲ್ಲಿ ಒಳಗಿನಿಂದ ಕೂಗು ಕೇಳಿತು. ಇಳಕಲ್ಲಿನಿಂದ ಬಂದಿದ್ದ ಬಸುರಿ. ಇಬ್ಬರೂ ಓಡಿದೆವು. ಕೂಸು ಹೊರಬಿತ್ತು, ಅಳಲಿಲ್ಲ. ತಾಯಿಗೆ ಮತ್ತೆ ಅದೇ ರಕ್ತ. ಅಕ್ಕಾರ ಎರಡೂ ಕೈ ಅವಳ ಹೊಟ್ಟೆಯ ಮೇಲಿದ್ದವು. "ಕೂಸು ಹಿಡಿ!" ಎಂದು ಚೀರಿದರು.

ನನ್ನ ಅಂಗೈ ನೋಡಿದೆ. ರಾಮಥಾಳದ ಹುಡುಗಿ ಅಲ್ಲೇ ಇದ್ದಳು. ಇರಲಿ ಅಂದುಕೊಂಡೆ. ಕೈ ಚಾಚಿದೆ. ಬಾಯಿ ಒರೆಸಿ, ಬೆನ್ನು ತಿಕ್ಕಿ, ಮತ್ತೆ ತಿಕ್ಕಿ... ಕೊನೆಗೆ ಅಳು. ಅಷ್ಟು ಚಂದದ ಅಳುವನ್ನು ನಾನು ಆಮೇಲೆ ಕೇಳಿಲ್ಲ. ತಾಯಿಯೂ ಉಳಿದಳು.

ಹೊರಗೆ ಬಂದಾಗ ಅಪ್ಪ ಟ್ರಂಕಿನ ಮೇಲೆ ಕೂತಿದ್ದ. "ಬಸ್ ಹೋತವ್ವಾ."

"ಹೋಗ್ಲಿ ಬಿಡಪ್ಪಾ."

ಎಷ್ಟೋ ದಿನದ ಮೇಲೆ ಕೇಳಿದೆ, ಹಾಗೆ ಕೂತರೆ ನಿಮಗೆ ಸಮಾಧಾನ ಸಿಗುತ್ತದೆಯೇ ಎಂದು. ಅಕ್ಕಾರು ಮುಖ ಸಿಂಡರಿಸಿದರು. "ಸಮಾಧಾನಾನ? ಎಲ್ಲೀದು ತಂದಿ! ಮುಂದಿನ ಬಾಣಂತಿ ಕಾಟಿಗಿ ಹೋಗಾಕ ಕಾಲು ಏಳ್ತಾವ ನೋಡು, ಅಷ್ಟ."

ಎಂಬತ್ತರ ದಶಕದಲ್ಲಿ ಅವರಿಗೆ ಬಾದಾಮಿ ಕಡೆ ವರ್ಗವಾಯಿತು. ಅಲ್ಲಿಯೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಹೆರಿಗೆ ಕೋಣೆಯಲ್ಲಿದ್ದೆ. ಕೆಲಸ ಮುಗಿಸಿ, ಕೈ ತೊಳೆದು ಕಟ್ಟೆಗೆ ಹೋದೆ. ಕೂರಲಾಗಲಿಲ್ಲ. ಸಂಜೆಯವರೆಗೂ ದವಾಖಾನೆಯ ಸುತ್ತ ತಿರುಗಿದೆ, ಅವರನ್ನು ಬಾಯಿಗೆ ಬಂದಂತೆ ಬೈದೆ.

ಈಗ ನಾನೂ ನಿವೃತ್ತಳು. ನೌಕರಿಯುದ್ದಕ್ಕೂ ನೋಡಿದ ಸಾವುಗಳು ಅಂಗೈಗೆ ಬಂದು ಹೋಗುತ್ತವೆ, ನೋಡುತ್ತ ಕೂತಿರುತ್ತೇನೆ. ಅಕ್ಕಾರ ಮುಖ ಬಂದಾಗ ಮಾತ್ರ ಎದ್ದುಬಿಡುತ್ತೇನೆ. ಊರವರ ಸಾವಿಗೆಲ್ಲ ಏನು ಮಾಡಬೇಕೆಂದು ಹೇಳಿಕೊಟ್ಟವರು, ತಾವು ಹೋದರೆ ನಾನೇನು ಮಾಡಬೇಕೆಂದು ಹೇಳಲೇ ಇಲ್ಲ.