ಮಲಗಿದ ಮಗುವಿನ ಅಳತೆ

ಮಗಳಿಗೆ ಆರು ತುಂಬುವ ಹೊತ್ತಿಗೆ ಹೈದರಾಬಾದಿನಲ್ಲಿ ಕಂಪ್ಯೂಟರ್ ಮುಟ್ಟಲು ಬರುವವರಿಗೆಲ್ಲ ಕೆಲಸ ಸಿಗುವ ಕಾಲ ಬಂದಿತ್ತು. ನನಗೂ ಸಿಕ್ಕಿತು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪು ಮಾಡುವುದು. ಬಿ.ಎಸ್ಸಿ. ಓದಿದ್ದೆ, ಬೆರಳು ಚುರುಕಾಗಿತ್ತು, ಅವರಿಗೆ ಅಷ್ಟು ಸಾಕಾಯಿತು. ನಮ್ಮ ಮನೆ ಕುಷಾಯಿಗೂಡದಲ್ಲಿ, ಆಫೀಸು ಊರಿನ ಇನ್ನೊಂದು ತುದಿಗೆ. ಮಗಳ ಶಾಲೆ ಬಿಡುವ ಮೊದಲೇ ಕ್ಯಾಬ್ ಬಂದು ನನ್ನನ್ನು ಹೊತ್ತೊಯ್ಯುತ್ತಿತ್ತು. ತಿರುಗಿ ತಂದು ಬಿಡುವಾಗ ಓಣಿಯಲ್ಲಿ ಹಾಲಿನವನ ಸೈಕಲ್ ಬರುತ್ತಿತ್ತು.

ಗಂಡನಿಗೆ ಹತ್ತಿರದ ಕಾರ್ಖಾನೆಯಲ್ಲಿ ಹಗಲಿನ ಕೆಲಸ. ನಾವಿಬ್ಬರೂ ಬಾಗಿಲಲ್ಲಿ ಭೇಟಿಯಾಗುತ್ತಿದ್ದೆವು, ಬಸ್‌ಸ್ಟ್ಯಾಂಡಿನ ಪರಿಚಯದವರ ಹಾಗೆ. ಮನೆ, ಅಡುಗೆ, ಮಗಳು ಎಲ್ಲ ಅತ್ತೆಯ ಕೈಯಲ್ಲಿ. ಬೆಳಿಗ್ಗೆ ಬಂದವಳು ನಿದ್ದೆಯಲ್ಲಿದ್ದ ಮಗಳ ಪಕ್ಕ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅತ್ತೆ ಅವಳನ್ನು ಎಬ್ಬಿಸಿ ಜಳಕಕ್ಕೆ ಕರೆದೊಯ್ದ ಕೂಡಲೇ ಅದೇ ಹಾಸಿಗೆಯಲ್ಲಿ ಬಿದ್ದು ಮಲಗಿಬಿಡುತ್ತಿದ್ದೆ. ನನ್ನ ರಜೆ ಬುಧವಾರ. ಆ ಸಂಜೆ ಮಗಳು ಓಣಿಯಲ್ಲಿ ಆಡಿ ಬಂದು, ಅಜ್ಜಿಯ ಕೈತುತ್ತು ಉಂಡು, ಅಜ್ಜಿಯ ಕಥೆ ಕೇಳುತ್ತ ನಿದ್ದೆ ಹೋಗುತ್ತಿದ್ದಳು. ನಾನು ಮನೆಗೆ ಬಂದ ಬೀಗಿತ್ತಿಯ ಹಾಗೆ ಕಾಲು ಮಡಚಿಕೊಂಡು ಮರ್ಯಾದೆಯಿಂದ ಕೂತಿರುತ್ತಿದ್ದೆ. ಯಾರೂ ನನ್ನನ್ನು ದೂರ ಇಟ್ಟಿರಲಿಲ್ಲ. ಇಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು.

ಆಷಾಢದಲ್ಲಿ ಒಂದು ದಿನ ಆಫೀಸಿನಲ್ಲಿ ಮಕ್ಕಳ ಡಾಕ್ಟರೊಬ್ಬರ ವರದಿ ನನ್ನ ಪಾಲಿಗೆ ಬಂತು. ಅವಳೂ ಆರು ವರ್ಷದ ಹುಡುಗಿ. ಎತ್ತರ ಇಷ್ಟು, ತೂಕ ಇಷ್ಟು, ವಯಸ್ಸಿಗೆ ತಕ್ಕ ಬೆಳವಣಿಗೆ. ಟೈಪು ಮಾಡುತ್ತಿದ್ದ ಬೆರಳು ನಿಂತವು. ಏಳು ಸಮುದ್ರದಾಚೆಯ ಯಾರದೋ ಮಗಳ ಎತ್ತರ ನನಗೆ ಕೂದಲೆಳೆಯಷ್ಟೂ ತಪ್ಪದೆ ಗೊತ್ತು, ನನ್ನ ಮಗಳದ್ದು ಗೊತ್ತಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಅವತ್ತೇ ನಿರ್ಧಾರ ಮಾಡಿದೆ, ಈ ವರ್ಷ ನಾಗರ ಪಂಚಮಿಗೆ ಮಗಳ ಪರಕಾರ-ಪೋಲಕಾ, ಲಂಗ-ಕುಪ್ಪಸ ಎರಡೂ, ನಾನೇ ಹೊಲಿಯುವುದೆಂದು. ಪಂಚಮಿ ಬಂತೆಂದರೆ ನಮ್ಮ ಊರ ಕಡೆ ಹೆಣ್ಣುಮಕ್ಕಳಿಗೆ ಹೊಸ ಬಟ್ಟೆ, ಜೋಕಾಲಿ, ಎಳ್ಳು-ಶೇಂಗಾದ ಉಂಡಿ. ಪ್ರತಿವರ್ಷ ಅತ್ತೆಯೇ ಮಗಳ ಕೈಹಿಡಿದು ಟೇಲರಮ್ಮನ ಹತ್ತಿರ ಕರೆದೊಯ್ದು ಹೊಲಿಸುತ್ತಿದ್ದರು. ನನಗೂ ಹೊಲಿಗೆ ಬರುತ್ತಿತ್ತು. ತವರಿನಿಂದ ತಂದ ಮಷೀನು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ನನಗೆ ಉಡಿ ತುಂಬಿದಾಗ ಕೊಟ್ಟಿದ್ದ ಖಣದ ಬಟ್ಟೆ ಪೋಲಕಾಕ್ಕೆ, ಒಂದು ರೇಷ್ಮೆ ಸೀರೆ ಪರಕಾರಕ್ಕೆ ಎಂದು ತೆಗೆದಿಟ್ಟೆ. ಬೆಳೆಯುವ ಮಕ್ಕಳಿಗೆ ಒಳಗೆ ಬಟ್ಟೆ ಬಿಟ್ಟು, ಅಂಚಿಗೆ ಮಡಿಕೆ ಹಾಕಿ ಸಡಿಲವಾಗಿ ಹೊಲಿಯುವುದು ಎಲ್ಲರ ಪದ್ಧತಿ. ನನಗೆ ಅದು ಬೇಡವಾಗಿತ್ತು. ಮೈಗೆ ಸರಿಯಾಗಿ ಕೂರಬೇಕು, ನೋಡಿದವರು ತಾಯಿಯೇ ಹೊಲಿದದ್ದು ಅನ್ನಬೇಕು. ಮಗಳಿಗೆ ಮೊದಲೇ ಗೊತ್ತಾಗಬಾರದು ಎಂಬ ಆಸೆ ಬೇರೆ. ಎಷ್ಟು ಬೆಳೆದಿದ್ದಾಳೆ ಎಂದು ಅತ್ತೆಯನ್ನು ಕೇಳಬಹುದಿತ್ತು. ಹೆತ್ತವಳು ನಾನು, ಕೇಳುವುದು ಹೇಗೆ?

ಒಂದು ಬೆಳಿಗ್ಗೆ ಬಂದವಳೇ ಚಪ್ಪಲಿ ಬಿಟ್ಟು, ನೂಲು ಹಿಡಿದು ಮಗಳ ಪಕ್ಕ ಕೂತೆ. ಸೊಂಟದಿಂದ ಪಾದದವರೆಗೆ ನೂಲು ಎಳೆಯುತ್ತಿದ್ದೆ, ಅತ್ತೆ ಚಹಾ ತಂದವರು ನೋಡಿಬಿಟ್ಟರು.

"ಯವ್ವಾ! ಮಲಗಿದ ಕೂಸಿನ ಅಳತಿ ಹಿಡೀತಾರೇನ ಯಾರರ? ಹೆಣದ ಅಳತಿ ಹಂಗ ಹಿಡೀತಾರ! ಬುದ್ಧಿ ಐತೇನ ನಿನಗ?"

ನೂಲು ಕಸಿದುಕೊಂಡರು. ಉಪ್ಪು ತಂದು ಮಗಳಿಗೆ ನಿವಾಳಿಸಿದರು. ನನಗೆ ಮೈಯೆಲ್ಲ ಉರಿಯಿತು. "ಎಚ್ಚರಿದ್ದಾಗ ನನಗ ಸಿಗಬೇಕಲ್ಲರಿ ಅತ್ತಿ" ಎಂದೆ. ಅತ್ತೆ ಚಹಾ ಅಲ್ಲೇ ಇಟ್ಟು ಒಳಗೆ ಹೋದರು. ಇನ್ನೂ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ನೂಲು ಮುಟ್ಟಲಿಲ್ಲ. ನೂಲಿಗೆ ಶಾಸ್ತ್ರ ಇರಬಹುದು, ತಾಯಿಯ ಗೇಣಿಗೆ ಯಾವ ಶಾಸ್ತ್ರ? ಅತ್ತೆ ಅಡುಗೆಮನೆಯಲ್ಲಿದ್ದಾಗ ಮಗಳ ಹೊದಿಕೆ ಸರಿಸಿ, ಹೆಬ್ಬೆರಳು ಕಿರುಬೆರಳು ಚಾಚಿ, ಸೊಂಟದಿಂದ ಕಾಲ್ಬೆರಳವರೆಗೆ ಅಳೆದೆ. ಎದೆಯ ಮೇಲೆ ಗೇಣು ಇಟ್ಟೆ, ಭುಜದಿಂದ ಭುಜಕ್ಕೆ ಇಟ್ಟೆ. ಮರೆತಂತಾಯಿತು, ಮತ್ತೆ ಅಳೆದೆ. ಇಷ್ಟು ಬೆಳೆದುಬಿಟ್ಟಿದ್ದಾಳಾ ಎಂದು ಹಿಗ್ಗಿದೆ. ನಾನಿಲ್ಲದೆ ಬೆಳೆದಳಲ್ಲ ಅಂದುಕೊಳ್ಳುತ್ತ ಹೊದಿಕೆ ಮತ್ತೆ ಹೊದಿಸಿದೆ. ಮುಂದಿನ ಕೆಲವು ದಿನ ಅವಳು ಶಾಲೆಯಲ್ಲಿದ್ದ ಹೊತ್ತು, ನಿದ್ದೆ ಕಡಿಮೆ ಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಹೊಲಿದೆ. ಮಷೀನಿನ ಸದ್ದು ಅತ್ತೆಗೆ ಕೇಳಿಸದೆ ಇರುತ್ತದೆಯೇ? ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಂಚಮಿಗೆ ಹೇಗೋ ರಜೆ ಗಿಟ್ಟಿಸಿದೆ. ಮಗಳಿಗೆ ಎಣ್ಣೆ ಹಚ್ಚಿ ಎರೆದು, ಪರಕಾರ ಉಡಿಸಿ, ಪೋಲಕಾ ತೊಡಿಸಿ ನಿಲ್ಲಿಸಿದೆ. ಪರಕಾರ ನೆಲ ಗುಡಿಸುತ್ತಿತ್ತು. ಪೋಲಕಾ ಒಂದು ಭುಜದಿಂದ ಜಾರಿ ಕೆಳಗಿಳಿಯಿತು, ಸರಿಮಾಡಿದರೆ ಇನ್ನೊಂದು ಭುಜದಿಂದ. ಅವಳು ಎರಡು ಹೆಜ್ಜೆ ಇಟ್ಟು ಅಂಚು ತುಳಿದು ಮುಗ್ಗರಿಸಿದಳು.

"ಇದು ನಿನಗ ಬರತೈತಿ ನೋಡು" ಎಂದು ಗಂಡ ನನ್ನ ಕಡೆ ತಿರುಗಿ ನಕ್ಕರು.

ಅತ್ತೆ ನಗಲಿಲ್ಲ. "ಬೆಳಿಯೋ ಕೂಸು, ಬರೋ ವರ್ಷಕ್ಕ ಬರತೈತಿ ತಗೋ" ಎಂದರು. ಆಮೇಲೆ ಟ್ರಂಕಿನಿಂದ ಇನ್ನೊಂದು ಜೊತೆ ತೆಗೆದರು. "ಇರಲಿ ಅಂತ ಹೊಲಿಸಿಟ್ಟಿದ್ದೆ." ಅದು ಮಗಳ ಮೈಗೆ ಎರಕ ಹೊಯ್ದಂತೆ ಕೂತಿತು. ಅವಳು ಒಂದು ಸುತ್ತು ತಿರುಗಿ, ಜೋಕಾಲಿ ಕಟ್ಟಿದ ಪಕ್ಕದ ಮನೆಗೆ ಓಡಿದಳು. ಅತ್ತೆಯ ತಪ್ಪು ಏನೇನೂ ಇರಲಿಲ್ಲ. ಅದಕ್ಕೇ ನನಗೆ ಅಳು ಬಂದದ್ದು. ತುಂಬಿದ ಮನೆ, ಹಬ್ಬದ ದಿನ, ಒಳಗೆ ಎಣ್ಣೆಯ ಘಮ, ಹೊರಗೆ ಮಕ್ಕಳ ಕೂಗು. ಆ ಮನೆಯಲ್ಲಿ ನನ್ನಷ್ಟು ಒಂಟಿ ಯಾರೂ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಉಂಡ ಮೇಲೆ ಕೋಣೆಯಲ್ಲಿ ಕೂತು ಬ್ಲೇಡಿನಿಂದ ಪೋಲಕಾದ ಹೊಲಿಗೆ ಬಿಚ್ಚತೊಡಗಿದೆ. ಮಗಳು ಕೈಯಲ್ಲಿ ಉಂಡಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಬಿಚ್ಚಬ್ಯಾಡವಾ. ನಿಂದೇನೂ ತಪ್ಪಿಲ್ಲ" ಎಂದಳು. "ನಾ ಎದಿ ಉಬ್ಬಿಸಿ ಉಸರು ಹಿಡ್ಕೊಂಡಿದ್ದೆ. ಕಾಲೂ ಚಾಚಿದ್ದೆ."

"ಯಾವಾಗ?"

"ನೀ ಕೈಲೆ ಅಳಿಯಾಕತ್ತಿದ್ದೆಲ್ಲ, ಆವಾಗ. ನಾ ಎಚ್ಚರ ಇದ್ದೆ."

ಬ್ಲೇಡು ಕೆಳಗಿಟ್ಟೆ. "ಎಚ್ಚರಿದ್ದು ಮತ್ಯಾಕ ಕಣ್ಣು ತೆರೀಲಿಲ್ಲ?"

ಅವಳು ಉಂಡಿಯ ಒಂದು ಚೂರು ಬಾಯಿಗೆ ಹಾಕಿಕೊಂಡು, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ನನ್ನನ್ನು ನೋಡಿದಳು.

"ದಿನಾನೂ ಎಚ್ಚರ ಇರತೀನಿ. ನೀ ಬಂದು ಕುಂದ್ರೂದು ಗೊತ್ತಾಗತೈತಿ. ನಾ ಎದ್ರ ನೀ ಮಲಕೊಂಬಿಡ್ತಿ."