ಮೂರನೇ ಸಾಲಿನ ಡಿಸ್ಕು

ಆ ದಿನ ಬೆಳಿಗ್ಗೆ ಹನ್ನೊಂದು ದಾಟಿತ್ತು. ನಮ್ಮ ಕಚೇರಿಯ ಅಕ್ಕಾರು ಕಂಪ್ಯೂಟರಿನಲ್ಲಿ ಹೊಸ ಮಷೀನು ಚಾಲೂ ಮಾಡಿ, "ಸರ, ಚುಕ್ಕಿ ಬರಾಕತ್ತಾವ ನೋಡ್ರಿ" ಅಂದರು. ನಾನು ಎದ್ದು ಹೋಗಿ ಅವರ ಕುರ್ಚಿಯ ಹಿಂದೆ ನಿಂತೆ. ಪರದೆಯ ಮೇಲೆ ಒಂದರ ಪಕ್ಕ ಒಂದು ಚುಕ್ಕಿ ಮೂಡುತ್ತಿತ್ತು. ಹೊಸ ಡಿಸ್ಕನ್ನು ಪೂರ್ತಿ ಒರೆಸಿ ಸಿದ್ಧ ಮಾಡುವಾಗ ಬರುವ ಚುಕ್ಕಿಗಳು ಅವು.

"ಬರಲಿ ಬಿಡ್ರಿ. ಹೊಸಾ ಡಿಸ್ಕ ತಯಾರ ಆಗಾಕತ್ತೈತಿ" ಅಂದೆ.

ಚಹಾ ತರಿಸಿದೆವು. ಹತ್ತಿರ ಹತ್ತಿರ ನಲವತ್ತು ನಿಮಿಷ ಆ ಚುಕ್ಕಿಗಳ ಎದುರು ಕೂತೆವು. ಒರೆಸಿಹೋಗುತ್ತಿದ್ದುದು ಹೊಸ ಡಿಸ್ಕಲ್ಲ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮಷೀನಿನ ವಯರು ಕೀಳುವಷ್ಟು ಹತ್ತಿರದಲ್ಲೇ ನಾನಿದ್ದೆ.

ಇದನ್ನು ಮೊದಲಿನಿಂದ ಹೇಳಬೇಕು.

ನಾನು ಕೆಲಸ ಮಾಡುವುದು ಬಾಗಲಕೋಟೆಯ ನವನಗರದಲ್ಲಿ, ಎರಡು ಕೋಣೆಯ ಒಂದು ಸಣ್ಣ ಸಂಸ್ಥೆಯಲ್ಲಿ. ಸುತ್ತಲಿನ ಊರುಗಳ ಕುಶಲಕೆಲಸದವರ ಹತ್ತಿರ ಇರುವ ಹಳೆಯ ನಕ್ಷೆ, ಕಾಗದಗಳನ್ನು ಸ್ಕ್ಯಾನ್ ಮಾಡಿ ಕಾಪಾಡುವುದು ನಮ್ಮ ಕೆಲಸ. ನಮ್ಮಲ್ಲಿ ಒಂದೇ ಒಂದು ದೊಡ್ಡ ಕಂಪ್ಯೂಟರಿದೆ. ಅದರೊಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಮೂರು ಸಣ್ಣ ಕಂಪ್ಯೂಟರುಗಳಿವೆ. ಇವನ್ನೇ ವರ್ಚುವಲ್ ಮಷೀನು ಅನ್ನುತ್ತಾರೆ. ಇವಕ್ಕೆ ಕೈಯಿಂದ ಮುಟ್ಟುವಂಥ ಡಿಸ್ಕಿಲ್ಲ. ದೊಡ್ಡ ಕಂಪ್ಯೂಟರಿನಲ್ಲಿರುವ ಒಂದೊಂದು ಫೈಲನ್ನು ತೋರಿಸಿ, ಇದು ನಿನ್ನ ಮೊದಲನೇ ಡಿಸ್ಕು, ಇದು ಎರಡನೇದು ಎಂದು ಹೇಳಬೇಕು. ಹಾಗೆ ಹೇಳುವ ಬರಹಕ್ಕೆ ಕಾನ್ಫಿಗರೇಶನ್ ಎಂದು ಹೆಸರು. ಅದನ್ನು ಹೇಗೆ ಬರೆಯಬೇಕು ಎಂಬ ನಿಯಮಗಳನ್ನು ಮಾಡಿದವನು ನಾನು.

ಪೇಟೆಯಲ್ಲಿ ಸಿಗುವ ಪದ್ಧತಿಗಳಲ್ಲಿ ಒಂದು ಡಿಸ್ಕಿಗೆ ಹತ್ತು ಸಾಲು ಬರೆಯಬೇಕು. ನಾನಿಲ್ಲದಾಗ ಮಷೀನು ನೋಡಿಕೊಳ್ಳುವವರು ಅಕ್ಕಾರು. ಅವರು ಹುನಗುಂದದವರು. ಇಪ್ಪತ್ತು ವರ್ಷ ಟೈಪಿಂಗ್ ಮಾಡಿದವರು, ದಿನಾ ಬಸ್ಸಿನಲ್ಲಿ ಬಂದುಹೋಗುವವರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಅದಕ್ಕೇ ಅಕ್ಕಾರು ಎನ್ನುತ್ತೇನೆ. ಪರದೆಯ ಮೇಲೆ ಕೆಂಪು ಅಕ್ಷರ ಬಂದರೆ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರಿಗೆ ಸುಲಭವಾಗಲಿ ಎಂದು ನಾನು ಒಂದು ಡಿಸ್ಕಿಗೆ ಒಂದೇ ಸಾಲು ಸಾಕು ಎಂದು ಮಾಡಿದೆ. ಡಿಸ್ಕಿಗೆ ಹೆಸರು ಬೇಡ, ಸಂಖ್ಯೆ ಬೇಡ. ಮೊದಲ ಸಾಲಿನಲ್ಲಿದ್ದದ್ದು ಮೊದಲನೇ ಡಿಸ್ಕು, ಎರಡನೇ ಸಾಲಿನಲ್ಲಿದ್ದದ್ದು ಎರಡನೇದು. ಯಾವುದಾದರೂ ಡಿಸ್ಕನ್ನು ತೆಗೆದರೆ ಅದರ ಸಾಲಿನಲ್ಲಿ ಒಂದು ಗೀಟು ಹಾಕಿದರಾಯಿತು. ಜಾಗ ಖಾಲಿ ಉಳಿಯುತ್ತದೆ, ಮುಂದಿನವು ಸರಿಯುವುದಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಗೀಟಷ್ಟೇ ಅಲ್ಲ, ಮಷೀನಿಗೆ ಅರ್ಥವಾಗದ ಯಾವುದೇ ಸಾಲು ಬಂದರೂ ಅದನ್ನು ಖಾಲಿ ಜಾಗವೆಂದೇ ಎಣಿಸಲಿ, ಕೆಂಪು ಅಕ್ಷರ ಬೇಡ ಎಂದು ಬರೆದೆ. ಅಕ್ಕಾರು ಹೆದರಬಾರದಲ್ಲ.

ಅವರಿಗೆ ಇದನ್ನು ಕಲಿಸಿದ ದಿನ ಒಂದು ಮಾತಾಯಿತು. ಎಲ್ಲ ಕೇಳಿಸಿಕೊಂಡು ಅವರು, "ಅಲ್ರಿ ಸರ, ಪಾಳೇದಾಗ ನಿಂತ ಜಾಗಾ ನೋಡಿ ಕರದ್ರ ಹೆಂಗ್ರಿ? ನಡುಕ ಯಾರರೆ ಹೊಕ್ಕೊಂಡ್ರ? ಹೆಸರ ಹಿಡದ ಕರಿಯೂದು ಚಲೋ ಅಲ್ಲೇನ್ರಿ?" ಅಂದರು.

"ಇದೇನ ರೇಶನ್ ಅಂಗಡಿ ಪಾಳೇ ಏನ್ರಿ ಅಕ್ಕಾರ, ನಡುಕ ಹೊಕ್ಕೊಳ್ಳಾಕ?" ಎಂದು ನಾನು ನಕ್ಕೆ. ಅವರೂ ನಕ್ಕರು. "ಆತ್ರಿ, ನೀವು ಕಲ್ತವರು" ಅಂದರು.

ಇಳಕಲ್ಲಿನ ಒಬ್ಬ ಹಿರಿಯ ನೇಕಾರರ ನಕ್ಷೆಗಳು ನಮ್ಮ ಹತ್ತಿರ ಬಂದದ್ದು ಅದೇ ವರ್ಷ. ಚೌಕುಳಿ ಹಾಳೆಗಳ ಒಂದು ದಪ್ಪ ಪುಸ್ತಕ. ಸೀರೆಯ ದಡಿಯಲ್ಲಿ, ಸೆರಗಿನಲ್ಲಿ ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂದು ಒಂದೊಂದೇ ಚೌಕ ತುಂಬಿ ಬರೆದದ್ದು. ಗೋಮಿ ದಡಿ, ಪರಾಸಪೇಟ ದಡಿ, ಸೆರಗಿನ ತೆನಿ, ಕೋಟೆಯ ಸಾಲು. ಇವುಗಳಲ್ಲಿ ಬಹಳಷ್ಟು ಅವರೇ ಕೂಡಿಸಿ ಕಟ್ಟಿದವು, ಬೇರೆಲ್ಲೂ ಇಲ್ಲದವು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋಗುತ್ತಾ ಬಂದಿತ್ತು. ಮಗಳು ಮಗ್ಗಕ್ಕೆ ಕೂತಿದ್ದಳು. ಅಪ್ಪ ಹೇಳಿಕೊಡಲಾರದ್ದನ್ನು ಆ ಹಾಳೆಗಳಿಂದ ಅವಳು ಕಲಿಯಬೇಕಿತ್ತು. ನಾವು ಸ್ಕ್ಯಾನ್ ಮಾಡಿ, ಒಂದೊಂದೇ ನಕ್ಷೆಯನ್ನು ದೊಡ್ಡ ಅಳತೆಯಲ್ಲಿ ಮುದ್ರಿಸಿ ಅವಳಿಗೆ ಕೊಡುವುದು ಎಂದು ಮಾತಾಗಿತ್ತು. ಒಂದನ್ನು ನೇಯ್ದು ಮುಗಿಸಿದ ಮೇಲೆ ಇನ್ನೊಂದು. ಹನ್ನೊಂದಷ್ಟೇ ಆಗಿದ್ದವು, ಇನ್ನೂ ಬಹಳ ಉಳಿದಿದ್ದವು.

ಪುಸ್ತಕ ತಿರುಗಿ ಕೊಡಲು ಹೋದಾಗ ನಾನೊಂದು ಮಾತು ಹೇಳಿದೆ. ಅದನ್ನು ಹೇಳಿದ್ದು ನಾನೇ, ಬೇರೆ ಯಾರೂ ಅಲ್ಲ. "ಇನ್ನ ಇವು ಎಲ್ಲೂ ಹೋಗಂಗಿಲ್ರಿ ಕಾಕಾ. ಕಾಗದಕ್ಕ ಏನಾದ್ರೂ ಚಿಂತಿ ಇಲ್ಲ."

ಅದಕ್ಕೂ ಮೊದಲು ಅವರು ಆ ಪುಸ್ತಕವನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲವಂತೆ. ನನ್ನ ಮಾತಿನ ಮೇಲೆ, ಕೇಳಿದವರಿಗೆಲ್ಲ ಹಾಳೆ ಹರಿದು ಕೊಡಲು ಶುರುಮಾಡಿದರು.

ಮತ್ತೆ ಆ ದಿನಕ್ಕೆ ಬರುತ್ತೇನೆ. ಇಳಕಲ್ಲಿನ ನಕ್ಷೆಗಳಿಗೆ ಎರಡನೇ ಪ್ರತಿ ಇರಲಿಲ್ಲ. ಇದ್ದ ಪ್ರತಿಯನ್ನು, ಬಾದಾಮಿ ಕಡೆಯ ಸ್ಕ್ಯಾನ್ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ನಾನೇ ಅಳಿಸಿದ್ದೆ. ಮತ್ತೆ ಪ್ರತಿ ಮಾಡಿಡಲಿಕ್ಕೆಂದೇ ಹೊಸ ಡಿಸ್ಕು ತಂದು ದೊಡ್ಡ ಕಂಪ್ಯೂಟರಿಗೆ ಹಾಕಿದ್ದು. ಹಳೆಯ ಮಷೀನು ನಿಧಾನವಾಗಿತ್ತು, ಹೊಸದೊಂದು ವರ್ಚುವಲ್ ಮಷೀನು ಮಾಡಿ ಅದಕ್ಕೆ ಮೂರು ಡಿಸ್ಕು ಜೋಡಿಸೋಣ ಎಂದೆ. ಮೊದಲ ಸಾಲಿಗೆ ಮಷೀನು ನಡೆಸುವ ಡಿಸ್ಕು, ಎರಡಕ್ಕೆ ನಕ್ಷೆಗಳು, ಮೂರಕ್ಕೆ ಹೊಸ ಖಾಲಿ ಡಿಸ್ಕು. ಮೊದಲ ಸಲ ಚಾಲೂ ಆದಾಗ ಮೂರನೇ ಜಾಗದಲ್ಲಿರುವುದನ್ನು ಪೂರ್ತಿ ಒರೆಸಿ ಸಿದ್ಧ ಮಾಡು ಎಂದು ನಾನು ಆದೇಶ ಬರೆದಿಟ್ಟೆ. ಫೈಲು ಬರೆಯುವ ಕೆಲಸ ಅಕ್ಕಾರದು. ಅಲ್ಲಿಯವರೆಗೆ ಅವರು ನಾನು ಬರೆದ ಫೈಲುಗಳನ್ನು ತಿದ್ದಿದ್ದರೇ ಹೊರತು ಹೊಸದಾಗಿ ಒಂದನ್ನೂ ಬರೆದಿರಲಿಲ್ಲ.

ಚುಕ್ಕಿಗಳು ನಿಂತ ಮೇಲೆ ಅವರು ನಕ್ಷೆಗಳನ್ನು ತೆರೆಯಲು ಹೋದರು. ಏನೂ ಇರಲಿಲ್ಲ. ಇನ್ನೊಮ್ಮೆ ತೆರೆದರು. ನಾನು ಕೂತು ಅವರು ಬರೆದ ಫೈಲನ್ನು ತೆರೆದೆ. ನಾಲ್ಕು ಸಾಲಿದ್ದವು. ಕೆಳಗಿನ ಮೂರು ನಾನು ಹೇಳಿದ ಹಾಗೆಯೇ ಇದ್ದವು, ಒಂದಕ್ಷರ ತಪ್ಪಿರಲಿಲ್ಲ. ಮೇಲಿನ ಸಾಲಿನಲ್ಲಿ, ಟೈಪು ಮಾಡುವವರ ಅಚ್ಚುಕಟ್ಟಿನಲ್ಲಿ, ನಡುವಿಗೆ ಸರಿಸಿ, ಶ್ರೀ ಎಂದು ಬರೆದಿತ್ತು.

ಮಷೀನಿಗೆ ಅದು ಅರ್ಥವಾಗಲಿಲ್ಲ. ನಾನು ಹೇಳಿಕೊಟ್ಟ ಹಾಗೆ ಖಾಲಿ ಜಾಗವೆಂದು ಎಣಿಸಿತು. ಉಳಿದವೆಲ್ಲ ಒಂದೊಂದು ಜಾಗ ಕೆಳಗೆ ಸರಿದವು. ಮೊದಲ ಜಾಗ ಖಾಲಿಯಿದ್ದರೆ ಮಷೀನು ಮುಂದಿನ ಡಿಸ್ಕಿನಿಂದ ಚಾಲೂ ಆಗುತ್ತದೆ, ಹಾಗಾಗಿ ಅದೂ ನಿಲ್ಲಲಿಲ್ಲ. ಮೂರನೇ ಜಾಗಕ್ಕೆ ನಕ್ಷೆಗಳು ಬಂದವು. ಕೆಂಪು ಅಕ್ಷರ ಬರಲಿಲ್ಲ.

"ಹೊಸಾ ಫೈಲ ಇತ್ತಲ್ರಿ ಸರ" ಎಂದರು ಅಕ್ಕಾರು. ಕೈ ಮಡಿಲಲ್ಲಿತ್ತು. "ಹೊಸಾದ ಬರಿಯಾಕ ಕೂತ್ರ ಮ್ಯಾಲ ಶ್ರೀ ಬರೀದ ಹೆಂಗ ಬರಿಯೂದ್ರಿ? ಸಾಲ್ಯಾಗ ಕಲಿಸಿದ್ದು ಅದ ಐತಿ."

ನನಗೂ ಶಾಲೆಯಲ್ಲಿ ಅದನ್ನೇ ಕಲಿಸಿದ್ದರು. ಚೊಳಚಗುಡ್ಡದ ನಮ್ಮ ಮನೆಯಲ್ಲಿ ಕಿರಾಣಿ ಚೀಟಿಯ ಮೇಲೂ ಶ್ರೀ ಇರುತ್ತಿತ್ತು. ಮಷೀನಿಗೆ ನಿಯಮ ಬರೆಯುವಾಗ ಅದು ನನ್ನ ನೆನಪಿಗೆ ಬರಲಿಲ್ಲ.

ಹೊಸ ಡಿಸ್ಕಿನಲ್ಲಿ ಮೊದಲಿನ ಗುರುತು ಉಳಿಯಬಾರದೆಂದು ಉದ್ದಕ್ಕೂ ಸೊನ್ನೆ ತುಂಬಲು ಹೇಳಿದ್ದೆ. ಆದ್ದರಿಂದ ಹಿಂದಕ್ಕೆ ತೆಗೆಯಲು ಏನೂ ಉಳಿದಿರಲಿಲ್ಲ. ಆದರೂ ಐದು ದಿನ ತೆಗೆಯಲು ನೋಡಿದೆ. ಆರನೇ ದಿನ ನಿಯಮಗಳನ್ನು ಬದಲಾಯಿಸಿದೆ. ಈಗ ಪ್ರತಿ ಡಿಸ್ಕಿಗೂ ಹೆಸರಿದೆ. ಅರ್ಥವಾಗದ ಸಾಲು ಬಂದರೆ ಮಷೀನು ಚಾಲೂ ಆಗುವುದೇ ಇಲ್ಲ. ಇದಕ್ಕೆ ಹಿಡಿದದ್ದು ಅರ್ಧ ದಿನ.

ಇಳಕಲ್ಲಿಗೆ ಹೋಗಿ ಹೇಳುವುದು ಉಳಿದಿತ್ತು. ನಾನೊಬ್ಬನೇ ಹೋಗುತ್ತೇನೆ ಎಂದಿದ್ದೆ. ಹುನಗುಂದದಲ್ಲಿ ಬಸ್ಸು ನಿಂತಾಗ ಅಕ್ಕಾರು ಹತ್ತಿ ನನ್ನ ಪಕ್ಕ ಕೂತರು.

ಕಾಕಾ ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಗಳು ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ನಾನು ಆದದ್ದನ್ನೆಲ್ಲ ಹೇಳಿದೆ, ಶ್ರೀಯ ಸಮೇತ. ಅದು ನನ್ನ ತಪ್ಪು, ಅಕ್ಕಾರದಲ್ಲ ಎಂದೂ ಹೇಳಿದೆ. ಲಾಳಿಯ ಸಪ್ಪಳ ನಿಂತಿತ್ತು.

ಕಾಕಾ, "ಶ್ರೀ ಬರದ್ರ ತಪ್ಪೇನೈತಿ ತಂಗಿ, ನನ್ನ ಬುಕ್ಕಿನ ಮ್ಯಾಲೂ ಇತ್ತು" ಎಂದು ಅಕ್ಕಾರು ಕೂತ ಕಡೆ ತಿರುಗಿ ಹೇಳಿದರು. ಆಮೇಲೆ ನನಗೆ, "ದಂಡ್ಯಾಗ ಒಂದ ಎಳಿ ಹೆಚ್ಚಾದ್ರ ಪೂರಾ ದಡಿ ಸರೀತೈತಿ ತಮ್ಮಾ. ಅಷ್ಟ ಆಗಿದ್ದು. ಆದರ ನಾವು ನೇದದ್ದು ಕಣ್ಣಿಗೆ ಕಾಣತೈತಿ. ಬಿಚ್ಚತೇವಿ."

ಮಗಳು ಪುಸ್ತಕದಲ್ಲಿ ಉಳಿದದ್ದನ್ನು ತಂದಳು. ರಟ್ಟಿನ ನಡುವೆ ಆರು ಹಾಳೆ. "ಉಳದವು ಎಲ್ಲೆಲ್ಲಿ ಹೋದವೋ ಯಾರಿಗೆ ಗೊತ್ತ್ರಿ ಅಣ್ಣಾ" ಅಂದಳು. "ಎದುರಮನಿಯವ್ರು ಒಯ್ದಿದ್ದರ ಮ್ಯಾಲ ಗಂಜಿ ಚೆಲ್ಲೈತಿ. ಒಬ್ರು ಮಗ್ಗಾನ ಮಾರಿ ಊರ ಬಿಟ್ರು. ಅಪ್ಪ ಕೊಡೂಮುಂದ ಹೆಸರ ಕೇಳತಿದ್ದಿಲ್ಲ. ಮಷೀನದಾಗ ಐತಿ ಒಯ್ಯಿ ಒಯ್ಯಿ, ಅಂತಿದ್ದ."

"ಇರ್ಲಿ" ಎಂದರು ಕಾಕಾ. "ನನ್ನ ತಲ್ಯಾಗ ಐತೆಲ್ಲ. ಹೇಳತೇನಿ, ಬರಕೋರಿ. ದೊಡ್ಡ ಕೋಟಿ ಸೆರಗ ಮೊದಲ ಬರಕೋರಿ, ಅದ ಇಕಿಗೆ ಬರಂಗಿಲ್ಲ."

ಅಕ್ಕಾರು ಚೀಲದಿಂದ ಹೊಸ ನೋಟುಬುಕ್ಕು ತೆಗೆದರು. ಅದನ್ನು ಅವರು ಯಾಕೆ ತಂದಿದ್ದರೆಂದು ನನಗೆ ಆಗ ಗೊತ್ತಾಯಿತು. ಮೊದಲ ಪುಟದ ನಡುವಿಗೆ ಪೆನ್ನು ಒಯ್ದರು, ನಿಂತರು, ಪೆನ್ನನ್ನು ಎಡಕ್ಕೆ ತಂದರು.

ಕಾಕಾ ಕಣ್ಣು ಮುಚ್ಚಿದರು. ಗಾಳಿಯಲ್ಲಿ ಬೆರಳು ಆಡಿಸುತ್ತಾ ಹೇಳಿದರು. "ಮೂರ ಎತ್ತು, ಎರಡ ಬಿಡು. ಮೂರ ಎತ್ತು, ಒಂದ ಬಿಡು." ಆರು ಸಾಲಿನವರೆಗೆ ತಡೆಯಿಲ್ಲದೆ ಬಂತು. ಏಳನೆಯದರಲ್ಲಿ ಬೆರಳು ನಿಂತಿತು. "ಐದ ಎತ್ತು… ಎರಡ ಬಿಡು. ಅಲ್ಲ, ಮೂರ." ಮೊದಲಿನಿಂದ ಹೇಳುತ್ತೇನೆ ಎಂದು ಮತ್ತೆ ಶುರುಮಾಡಿದರು. ಅಲ್ಲಿಗೇ ಬಂದು ನಿಂತರು. ಮೂರನೇ ಸಲ ಆ ಜಾಗದಲ್ಲಿ ನಾಲ್ಕು ಎಂದರು. ಅಕ್ಕಾರು ಎಲ್ಲವನ್ನೂ ಬರೆದುಕೊಂಡು, ಹೊಡೆದುಹಾಕುತ್ತಿದ್ದರು.

ಆಗ ಕಾಕಾ ಕಣ್ಣು ತೆರೆದು, ನಾನು ಕೂತಿದ್ದ ಕಡೆ ಮುಖ ಮಾಡಿ, ಮೊದಲು ಎಷ್ಟೋ ಸಲ ಕೇಳಿದ ಹಾಗೆಯೇ ಕೇಳಿದರು. "ತಮ್ಮಾ, ನಿನ್ನ ಮಷೀನ ತಗದು ನೋಡಿ ಹೇಳು, ಎರಡೋ ಮೂರೋ?"

ಲ್ಯಾಪ್‌ಟಾಪು ನನ್ನ ಚೀಲದಲ್ಲಿತ್ತು. ನನ್ನ ಕೈ ಚೀಲದ ಜಿಪ್ಪಿನವರೆಗೆ ಹೋಯಿತು. ಮಷೀನಿನಲ್ಲಿ ಏನೂ ಉಳಿದಿಲ್ಲವೆಂದು ಆಗಷ್ಟೇ ಹೇಳಿದ್ದೆ, ಅವರಿಗದು ಮರೆತಿತ್ತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಎರಡಪ್ಪಾ" ಎಂದಳು ಮಗಳು, ಕುಣಿಯಲ್ಲಿ ಕೂತಲ್ಲಿಂದಲೇ. ದನಿ ಗಟ್ಟಿಯಾಗಿತ್ತು. "ಎರಡ ಐತಿ. ಅಣ್ಣ ನೋಡ್ಯಾರ."

"ಹಾಂ, ಎರಡ. ನಾ ಮೊದಲ ಅದನ್ನ ಅಂದಿದ್ದೆ" ಎಂದು ಕಾಕಾ ಸಮಾಧಾನದಿಂದ ಎಂಟನೇ ಸಾಲಿಗೆ ಹೋದರು. ಅಕ್ಕಾರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಎರಡು ಎಂದು ಬರೆದರು.

ಅದು ಎರಡೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಮಗಳಿಗೂ ಗೊತ್ತಿರಲಿಲ್ಲ. ಆ ಸೆರಗನ್ನು ಈಗ ಅವಳು ಎರಡು ಬಿಟ್ಟೇ ನೇಯುತ್ತಾಳೆ.